ಫಾರೆಸ್ಟ್ ಗಾರ್ಡ್ ಆಶಾರಾಣಿಯ ಕೃತಿಗಳು

ಹದಿನೆಂಟನೆಯ ವಯಸ್ಸಿನಲ್ಲಿ ಆಶಾರಾಣಿ ತನ್ನ ಮೊದಲ ಕೃತಿಯನ್ನು ಕಟ್ಟಿದಳು. ಕಟ್ಟಿ, ಅದು ತನ್ನ ಅಜ್ಜಿ ಹೇಳಿಕೊಟ್ಟದ್ದೆಂದು ಸುಳ್ಳು ಹೇಳಿದಳು. ಆ ಸುಳ್ಳನ್ನು ನಂಬಿ ತಲೆದೂಗಿದವರಲ್ಲಿ ನಾನೂ ಒಬ್ಬ.

ಅದು ಎರಡು ಸಾವಿರದ ಎರಡನೆಯ ಇಸವಿ. ಕುಶಾಲನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಪೊನ್ನಪ್ಪ ಮೇಷ್ಟ್ರ ಸಂಗೀತ ಪಾಠ ನಡೆಯುತ್ತಿತ್ತು. ಅವರು ಸೇನೆಯ ಬ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಕ್ಲಾರಿನೆಟ್ ನುಡಿಸಿ, ನಿವೃತ್ತಿಯಾದ ಮೇಲೆ ಮೈಸೂರಿಗೆ ಹೋಗಿ ಅದೇ ಕ್ಲಾರಿನೆಟ್ಟಿನಲ್ಲಿ ಕರ್ನಾಟಕ ಸಂಗೀತ ಕಲಿತ ಕೊಡವರು. ಸಂಜೆ ಐದೂವರೆಗೆ ಪಾಠ ಎಂದರೆ ಐದೂವರೆಗೇ. ಐದು ನಿಮಿಷ ತಡವಾದವರು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡು ಮನೆಗೆ ಹೋಗಬೇಕು. ನಾನು ನಾಗರಾಜು, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಕಂಬ ಇಳಿದ ಮೇಲೆ ಕೈ ತೊಳೆದು, ಮೃದಂಗ ಹಿಡಿದು ಆ ಮಹಡಿ ಹತ್ತುತ್ತಿದ್ದೆ. ಮಕ್ಕಳ ಹಾಡಿಗೆ ತಾಳ ತಪ್ಪದಂತೆ ನುಡಿಸುವುದು ನನ್ನ ಕೆಲಸ.

ಆಶಾರಾಣಿ ಹೆಬ್ಬಾಲೆಯ ಪುಟ್ಟಸ್ವಾಮಿಯವರ ಮಗಳು. ಅವರ ಮನೆಯವರು ಎರಡು ತಲೆಮಾರಿನ ಹಿಂದೆ ಹಾಸನ ಜಿಲ್ಲೆಯ ಅರಕಲಗೂಡು ಕಡೆಯಿಂದ ಬಂದು, ಹಾರಂಗಿ ನಾಲೆಯ ನೀರಿಗೆ ಜೋಳ, ಶುಂಠಿ ಬೆಳೆದುಕೊಂಡು ನೆಲೆಯಾದವರು. ಪುಟ್ಟಸ್ವಾಮಿ ಮಗಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂದು, ಪಾಠ ಮುಗಿಯುವ ತನಕ ಟೈಲರ್ ಅಂಗಡಿಯ ಬೆಂಚಿನ ಮೇಲೆ ಕಾಯುತ್ತಿದ್ದರು. ಅವಳದು ಇಂಪಾದ ಕಂಠವೇನಲ್ಲ. ಸ್ವಲ್ಪ ಒರಟು, ಭಾರ. ಆದರೆ ಸ್ವರ ಹಿಡಿದಳೆಂದರೆ ಗಾಡಿಯ ಚಕ್ರಕ್ಕೆ ಕಡಾಣಿ ಹೊಡೆದಂತೆ, ಒಂದು ಕೂದಲೆಳೆ ಆಚೆ ಈಚೆ ಆಗುತ್ತಿರಲಿಲ್ಲ. ಮಾತು ಮಾತ್ರ ತೀರ ಕಡಿಮೆ.

ಆ ದಿನ ಪಾಠ ಮುಗಿಯುವ ಹೊತ್ತಿಗೆ ಅವಳು, "ಸರ್, ನಮ್ಮಜ್ಜಿ ಒಂದು ಹಾಡು ಹೇಳ್ಕೊಟ್ಟಿದಾರೆ, ಹಾಡ್ಲಾ?" ಎಂದಳು. ಮೇಷ್ಟ್ರು ಗಡಿಯಾರ ನೋಡಿ, ಹೂಂ ಎಂದರು. ಕಾವೇರಿಯ ಮೇಲಿನ ಕೃತಿ, ಆನಂದಭೈರವಿ ರಾಗ, ಏಳೆಣಿಕೆಯ ಮಿಶ್ರಛಾಪು.

ಎಲ್ಲಿ ನಿಲ್ಲಲಿ ತಾಯೆ, ನೀ ನಿಲ್ಲದೆ ಹರಿವಾಗ
ಕಲ್ಲಿಗೂ ನೀನು ನಡೆಯ ಕಲಿಸಿರುವಾಗ

ಮೊದಲ ಸಾಲಿಗೇ ಮೇಷ್ಟ್ರು ಕಣ್ಣು ಮುಚ್ಚಿದರು. ಎರಡನೆಯ ಸಾಲು ಬರುವಾಗ ಅವರ ಕೈ ತಾಳ ಹಾಕುವುದನ್ನು ನಿಲ್ಲಿಸಿತ್ತು. ಹಾಡು ಮುಗಿದ ಮೇಲೆ, "ಇನ್ನೊಂದು ಸಲ" ಎಂದರು. ಆಮೇಲೆ ಇನ್ನೊಂದು ಸಲ. ಪೆನ್ನು ತೆಗೆದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಸ್ವರ ಹಾಕಿ ಬರೆದುಕೊಂಡರು. "ಹಾಸನ ಸೀಮೆಯಲ್ಲಿ ಇಂಥದ್ದು ಎಲ್ಲೋ ಬಚ್ಚಿಟ್ಟುಕೊಂಡಿತ್ತು ನೋಡು ನಾಗರಾಜು. ಇಂಥ ನಡೆ ಈಗಿನವರ ಕೈಲಿ ಆಗಲ್ಲ" ಎಂದು ನನಗೆ ಹೇಳಿದರು. ಹಾಡಿನ ತಲೆಬರಹದಲ್ಲಿ "ಲಿಂಗಮ್ಮನವರ ಸಂಗ್ರಹ" ಎಂದು ಬರೆದರು. ಲಿಂಗಮ್ಮ ಅಂದರೆ ಆಶಾರಾಣಿಯ ಅಜ್ಜಿ.

ಎರಡು ವರ್ಷದಲ್ಲಿ ಅಜ್ಜಿಯ ಹೆಸರಿನಲ್ಲಿ ಹನ್ನೊಂದು ಹಾಡು ಬಂದವು. ಮೇಷ್ಟ್ರು ಒಂದೊಂದನ್ನೂ ಬರೆದುಕೊಂಡು, ಬೇರೆ ಮಕ್ಕಳಿಗೂ ಪಾಠ ಮಾಡಿದರು. ಮಕ್ಕಳು ತಮ್ಮ ತಮ್ಮ ಪುಸ್ತಕಕ್ಕೆ ಇಳಿಸಿಕೊಂಡರು. ಸುಮಿತಾ ಎಂಬ ಹುಡುಗಿ ಮದುವೆಯಾಗಿ ಮೈಸೂರಿಗೆ ಹೋಗುವಾಗ ಆ ಪುಸ್ತಕವನ್ನೂ ತೆಗೆದುಕೊಂಡು ಹೋದಳು.

ಕೊನೆಗೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಟೇಪ್ ರೆಕಾರ್ಡರ್ ಚೀಲಕ್ಕೆ ಹಾಕಿಕೊಂಡು, ನನ್ನ ಬೈಕಿನ ಹಿಂದೆ ಕುಳಿತು ಹೆಬ್ಬಾಲೆಗೆ ಹೊರಟರು. ನಾವು ಹೋಗುವ ಸುದ್ದಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲಿಂಗಮ್ಮ ಜಗಲಿಯ ಬಿಸಿಲಿನಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮೇಷ್ಟ್ರು ಕೈಮುಗಿದು, ರೆಕಾರ್ಡರ್ ಅವರ ಮುಂದಿಟ್ಟು, "ಅಮ್ಮಾ, ಆ ಕಾವೇರಿ ಹಾಡು ನಿಮ್ಮ ಬಾಯಲ್ಲಿ ಒಂದು ಸಲ ಕೇಳಬೇಕು" ಎಂದರು.

"ಯಾವ ಹಾಡು?" ಎಂದರು ಅಜ್ಜಿ.

"ನೀವು ಮೊಮ್ಮಗಳಿಗೆ ಹೇಳಿಕೊಟ್ಟಿರೋದು. ಹನ್ನೊಂದು ಹಾಡಿದೆ ನನ್ನ ಹತ್ರ."

ಅಜ್ಜಿ ನಕ್ಕುಬಿಟ್ಟರು. "ನಾನು ಬಾಯಿ ಬುಟ್ಟರೆ ಕೊಟ್ಟಿಗೇಲಿರೋ ಕರ ಹಗ್ಗ ಕಿತ್ಕೊಂಡು ಓಡ್ತದೆ ಮೇಷ್ಟ್ರೇ. ನಂಗೆಲ್ಲಿ ಹಾಡು ಬತ್ತದೆ? ಅದೆಲ್ಲ ಇವಳದೇಯ. ಜೋಳಕ್ಕೆ ನೀರು ಕಟ್ಟುವಾಗ ಗೊಣಗ್ತಾ ಇರ್ತಾಳೆ, ಒಂದೇ ಸಾಲ ನೂರು ಸಲ. ಬ್ಯಾರೆ ಏನಾರ ಹಾಡೇ ಅಂತ ಬೈದಿದೀನಿ ಎಷ್ಟೋ ದಿಸ."

ಆಶಾರಾಣಿ ಬಾಗಿಲ ಹತ್ತಿರ ನಿಂತಿದ್ದಳು. ಕೈಯಲ್ಲಿ ನಮಗೆಂದು ತಂದ ನೀರಿನ ಚೊಂಬು. ಅದನ್ನು ಇಡಲೂ ಇಲ್ಲ, ಕೊಡಲೂ ಇಲ್ಲ. ಮೇಷ್ಟ್ರು ಅವಳ ಕಡೆ ತಿರುಗಿದರು. ಅವರ ಸಿಟ್ಟು ನನಗೆ ಗೊತ್ತಿತ್ತು. ಸಣ್ಣ ಸುಳ್ಳಿಗೆ ಹುಡುಗರನ್ನು ತಿಂಗಳುಗಟ್ಟಲೆ ಹೊರಗೆ ಹಾಕಿದವರು.

"ಯಾಕೆ ಹಾಗೆ ಹೇಳಿದೆ?" ಎಂದು ಕೇಳಿದರು.

"ನಾನು ಮಾಡಿದ್ದು ಅಂದಿದ್ರೆ ನೀವು ತಿದ್ದುತ್ತಿದ್ರಿ ಸರ್. ಅಜ್ಜೀದು ಅಂದ್ರೆ ಕೇಳ್ತೀರಿ ಅಂತ."

ಮೇಷ್ಟ್ರು ರೆಕಾರ್ಡರ್ ಮುಚ್ಚಿ ಚೀಲಕ್ಕೆ ಹಾಕಿದರು. "ಹೌದು, ತಿದ್ದುತ್ತಿದ್ದೆ" ಎಂದರು. "ತಿದ್ದಿ ಹಾಳು ಮಾಡ್ತಿದ್ದೆ." ಆಮೇಲೆ ಚಪ್ಪಲಿ ಬಿಟ್ಟು, ಜಗಲಿ ಹತ್ತಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಅರವತ್ತೆರಡು ವರ್ಷದ ಮನುಷ್ಯ, ಸೇನೆಯಲ್ಲಿ ನಿಂತು ಗಟ್ಟಿಯಾದ ಬೆನ್ನು. "ಮೊದಲನೇ ಹಾಡಿನಿಂದ ಶುರು ಮಾಡು. ನೀನು ಹೇಳಿಕೊಡು, ನಾನು ಕಲೀತೀನಿ" ಎಂದರು.

ಆಶಾರಾಣಿ ಚೊಂಬು ಕೆಳಗಿಟ್ಟು ಎದುರಿಗೆ ಕುಳಿತಳು. ಒಂದು ಸಾಲು ಅವಳು ಹಾಡುವುದು, ಅದನ್ನು ಮೇಷ್ಟ್ರು ಹಾಡುವುದು. ಮಧ್ಯಾಹ್ನದ ಊಟದ ತನಕ ಹೀಗೇ ನಡೆಯಿತು. ಒಂದು ಕಡೆ ಮೇಷ್ಟ್ರು ಗಮಕ ತಪ್ಪಿಸಿದಾಗ ಅವಳು ಮೆಲ್ಲಗೆ, "ಹಾಗಲ್ಲ ಸರ್" ಎಂದಳು. ಅವರು ತಲೆ ಬಗ್ಗಿಸಿ ಮತ್ತೆ ಹಾಡಿದರು. ಒಂದು ಹುಡುಗಿ ಗುರುವನ್ನು ತಿದ್ದುವುದನ್ನೂ ಗುರು ತಿದ್ದಿಸಿಕೊಳ್ಳುವುದನ್ನೂ ನಾನು ಒಟ್ಟಿಗೆ ನೋಡಿದ್ದು ಅಲ್ಲೇ. ಲಿಂಗಮ್ಮ ಮಾತ್ರ ಅವರೆಕಾಳಿನ ಮೊರ ಎತ್ತಿಕೊಂಡು, "ಇದಕ್ಕಾ ಅಲ್ಲಿಂದ ಬಂದಿದ್ದು?" ಎನ್ನುತ್ತ ಒಳಗೆ ಹೋದರು.

ಮಾತನ್ನೂ ತಾನೇ ಕಟ್ಟಿ, ರಾಗವನ್ನೂ ತಾನೇ ಹೊಂದಿಸಿ, ತಾನೇ ಹಾಡುವವರಿಗೆ ನಮ್ಮ ಸಂಗೀತದಲ್ಲಿ ವಾಗ್ಗೇಯಕಾರ ಎಂಬ ದೊಡ್ಡ ಹೆಸರಿದೆ. ಅಂಥವರು ಫೋಟೋಗಳಲ್ಲಿ ಇರುತ್ತಾರೆ, ಹೂವಿನ ಹಾರದ ಹಿಂದೆ ಇರುತ್ತಾರೆ ಎಂದೇ ನಾನು ತಿಳಿದಿದ್ದೆ. ಹೆಬ್ಬಾಲೆಯ ಜೋಳದ ಹೊಲದಲ್ಲಿ ಒಬ್ಬಳು ಇರಬಹುದೆಂದು ಯಾರಿಗೆ ಹೊಳೆಯುತ್ತದೆ? ಹಾಡಿನ ಕೊನೆಗೆ ಒಂದು ಅಂಕಿತ ಹಾಕು, ಯಾರದೆಂದು ಮುಂದಿನವರಿಗೆ ಗೊತ್ತಾಗಲಿ ಎಂದು ಮೇಷ್ಟ್ರು ಎಷ್ಟೋ ಹೇಳಿದರು. ಅವಳು ಒಪ್ಪಲಿಲ್ಲ. "ಹೆಸರು ಹಾಕೋ ಜಾಗದಲ್ಲಿ ಇನ್ನೇನಾದರೂ ಹೇಳಬಹುದಲ್ಲ ಸರ್" ಎನ್ನುತ್ತಿದ್ದಳು.

ಹಾಡಿನಿಂದ ಹೊಟ್ಟೆ ತುಂಬುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಪುಟ್ಟಸ್ವಾಮಿಯವರಿಗೂ ಗೊತ್ತಿತ್ತು. ಅವಳು ಅರಣ್ಯ ಇಲಾಖೆಯ ಪರೀಕ್ಷೆ ಬರೆದಳು, ಓಟ ಓಡಿದಳು, ಗಾರ್ಡ್ ಕೆಲಸಕ್ಕೆ ಆಯ್ಕೆಯಾದಳು. ಎರಡು ಸಾವಿರದ ಒಂಬತ್ತರಲ್ಲಿ ಮಾಕುಟ್ಟಕ್ಕೆ ಪೋಸ್ಟಿಂಗ್ ಆಯಿತು. ಕೇರಳದ ಗಡಿ. ಕಾಡಿನ ನಡುವೆ ಹೆದ್ದಾರಿ, ಹೆದ್ದಾರಿಗೆ ಅಡ್ಡ ಗೇಟು, ಗೇಟಿನ ಪಕ್ಕ ಚೆಕ್‌ಪೋಸ್ಟ್. ಮೀನಿನ ಲಾರಿ, ಬಾಳೆಹಣ್ಣಿನ ಲಾರಿ ತಡೆದು ನೋಡಬೇಕು, ಕಾಡಿನಲ್ಲಿ ಗಸ್ತು ತಿರುಗಬೇಕು. ಮಲಯಾಳಿ ಡ್ರೈವರುಗಳು ಅವಳನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಖಾಕಿ ಹಾಕಿ ಲಾಠಿ ಹಿಡಿದು ನಿಂತ ಈ ಹೆಂಗಸಿನ ತಲೆಯೊಳಗೆ ಅರ್ಧ ಕಟ್ಟಿದ ಕೃತಿಯೊಂದು ಸುತ್ತುತ್ತಿದೆ ಎಂದು ಅವರಿಗೆ ಹೇಗೆ ತಿಳಿಯಬೇಕು?

ಅವಳು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಕುಳಿತು ರಚಿಸಿದವಳಲ್ಲ. ಗಸ್ತಿನಲ್ಲಿ ನಡೆಯುತ್ತ ಕಟ್ಟುತ್ತಾಳೆ, ಬರೆದಿಡುವುದಿಲ್ಲ. ಮೂರು ವಾರ ತಲೆಯಲ್ಲೇ ಇಟ್ಟುಕೊಂಡಿದ್ದು, ಆಮೇಲೂ ಉಳಿದಿದ್ದರೆ ಮಾತ್ರ ನನಗೆ ಫೋನ್ ಮಾಡುತ್ತಾಳೆ. ಅಷ್ಟರಲ್ಲಿ ಮರೆತುಹೋದರೆ ಅದು ಬೇಡದ್ದೇ ಆಗಿತ್ತು ಎಂದು ಅವಳ ಲೆಕ್ಕ. ರಜೆಯಲ್ಲಿ ಬಂದಾಗ ಮೇಷ್ಟ್ರ ಮಹಡಿಯಲ್ಲಿ ಕುಳಿತು ಹಾಡುತ್ತಿದ್ದಳು. ಮೇಷ್ಟ್ರು ಕ್ಲಾರಿನೆಟ್ಟಿನಲ್ಲಿ ಹಿಂಬಾಲಿಸುತ್ತಿದ್ದರು. ಕೇಳುವವರು ಐದಾರು ಜನ.

ಎರಡು ಸಾವಿರದ ಹದಿನಾಲ್ಕರ ರಾಮನವಮಿಯ ಸಮಯದಲ್ಲಿ ಆಶಾರಾಣಿಯೂ ನಾನೂ ಮೈಸೂರಿಗೆ ಒಂದು ಕಛೇರಿ ಕೇಳಲು ಹೋದೆವು. ಹಾಡುವವರು ವಿದುಷಿ ಮಾನಸ. ನಾಡಿನ ಸಭೆಗಳಲ್ಲೆಲ್ಲ ದೊಡ್ಡ ಹೆಸರು. ಚಪ್ಪರ ತುಂಬಿತ್ತು, ನಾವು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದೆವು. ಅರ್ಧ ಕಛೇರಿ ಆದ ಮೇಲೆ ಮಾನಸ ಮೈಕಿನಲ್ಲಿ, "ಈಗ ಹಾಡುವುದು ಹಾಸನ ಸೀಮೆಯ ಅಜ್ಜಿಯೊಬ್ಬರಿಂದ ದೊರೆತ ಹಳೆಯ ರಚನೆ. ಕರ್ತೃ ಯಾರೆಂದು ತಿಳಿಯದು. ನಮಗೆ ಒಂದೇ ಚರಣ ಸಿಕ್ಕಿದೆ" ಎಂದರು. ಆಮೇಲೆ ಆನಂದಭೈರವಿ. "ಎಲ್ಲಿ ನಿಲ್ಲಲಿ ತಾಯೆ."

ಸುಮಿತಾಳ ಪುಸ್ತಕದ ಹಾಡು ಕೈಯಿಂದ ಕೈಗೆ ದಾಟಿ, ದಾರಿಯಲ್ಲಿ ಒಂದು ಚರಣ ಕಳೆದುಕೊಂಡು ಅಲ್ಲಿಗೆ ಮುಟ್ಟಿತ್ತು. ನಾನು ಎದ್ದು ನಿಲ್ಲಲು ಹೋದೆ. ಆಶಾರಾಣಿ ನನ್ನ ಮುಂಗೈ ಹಿಡಿದು ಕೂರಿಸಿದಳು. ಮಾನಸ ಆ ಕೃತಿಯನ್ನು ನಲವತ್ತು ನಿಮಿಷ ಹಾಡಿದರು. ಆಲಾಪನೆ, ನೆರವಲ್, ಸ್ವರ. "ಕಲ್ಲಿಗೂ ನೀನು ನಡೆಯ ಕಲಿಸಿರುವಾಗ" ಎಂಬ ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ, ಕಲ್ಲು ನಿಜಕ್ಕೂ ಉರುಳಿ ನಡೆದಂತೆ ಮಾಡಿದರು. ನನ್ನ ಪಕ್ಕದ ಮುದುಕರೊಬ್ಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಶಾರಾಣಿ ನನ್ನ ಕಿವಿಯ ಹತ್ತಿರ, "ಆ ಸಾಲಲ್ಲಿ ಇಷ್ಟು ಜಾಗ ಇದೆ ಅಂತ ನನಗೇ ಗೊತ್ತಿರಲಿಲ್ಲ ನಾಗರಾಜಣ್ಣ" ಎಂದಳು. ಅವಳ ದನಿಯಲ್ಲಿ ಬೇಸರ ಹುಡುಕಿದೆ, ಇರಲಿಲ್ಲ.

ಕಛೇರಿ ಮುಗಿದ ಮೇಲೆ ನಾವು ವೇದಿಕೆಯ ಹಿಂದೆ ಹೋದೆವು. ಮಾನಸ ಬಿಸಿನೀರು ಕುಡಿಯುತ್ತ ಕುಳಿತಿದ್ದರು. ಆಶಾರಾಣಿ ಕೈಮುಗಿದು, "ಮೇಡಂ, ಆ ಕಾವೇರಿ ಹಾಡಿಗೆ ಇನ್ನೊಂದು ಚರಣ ಇದೆ" ಎಂದಳು.

"ಹೌದಾ? ನಿಮಗೆ ಆ ಅಜ್ಜಿ ಗೊತ್ತಾ?"

"ನಮ್ಮಜ್ಜಿನೇ. ಆದರೆ ಹಾಡು ಅವರದಲ್ಲ."

ಮಾನಸ ತಂಬೂರಿಯವರಿಗೆ ಸನ್ನೆ ಮಾಡಿದರು. ಆಶಾರಾಣಿ ನಿಂತಲ್ಲೇ ಹಾಡಿದಳು.

ಹುಲ್ಲು ತಲೆಬಾಗಿ ನಿನ್ನ ದಾರಿ ಕೇಳಿತು
ಸೊಲ್ಲು ಸೋತ ನಾನು ದಡದಲಿ ಕುಳಿತೆ

ಅಲ್ಲಿ ಚಾಪೆ ಸುತ್ತುತ್ತಿದ್ದವರು ಹಾಗೇ ನಿಂತರು. ಮಾನಸ ಎರಡು ಸಲ ಹಾಡಿಸಿ, ಹಾಡುಗಳ ಪಟ್ಟಿ ಬರೆದ ಚೀಟಿಯ ಹಿಂದೆ ಸಾಲುಗಳನ್ನು ಬರೆದುಕೊಂಡರು. ಆಮೇಲೆ, "ಯಾರು ಮಾಡಿದ್ದು ಇದು?" ಎಂದರು.

"ನಾನೇ ಮೇಡಂ. ಹದಿನೆಂಟು ವರ್ಷ ಆಗಿತ್ತು ಆವಾಗ."

ಮಾನಸ ತಕ್ಷಣ ನಂಬಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಲೋಟ ಕೆಳಗಿಟ್ಟು, "ಹಾಗಾದರೆ ಒಂದು ಹೇಳಿ. ಪಲ್ಲವಿಯ ಎರಡನೇ ಸಾಲಲ್ಲಿ ಮೇಲಿನ ಷಡ್ಜದಿಂದ ನೇರ ಪಂಚಮಕ್ಕೆ ಇಳೀತೀರಲ್ಲ, ನಡುವಿನ ಸ್ವರಗಳನ್ನ ಯಾಕೆ ಬಿಟ್ಟಿರಿ? ಎರಡು ವರ್ಷದಿಂದ ಹಾಡ್ತಾ ಇದೀನಿ, ಅದರ ಚಂದ ಗೊತ್ತು, ಕಾರಣ ಗೊತ್ತಿಲ್ಲ" ಎಂದರು.

ಆಶಾರಾಣಿ ಸ್ವಲ್ಪ ಯೋಚಿಸಿದಳು. "ಜೋಳಕ್ಕೆ ನೀರು ಕಟ್ಟುವಾಗ ಮಾಡಿದ್ದು ಮೇಡಂ. ಆ ಜಾಗಕ್ಕೆ ಬರುವಾಗ ಬಗ್ಗಿ ಗುದ್ದಲಿ ಹಾಕಬೇಕಿತ್ತು. ಬಗ್ಗಿದಾಗ ಉಸಿರು ಸಾಲ್ತಿರಲಿಲ್ಲ. ಅದಕ್ಕೇ ಬಿಟ್ಟೆ. ಆಮೇಲೆ ನಿಂತುಕೊಂಡು ಹಾಡಿದಾಗ ಹಾಕಿ ನೋಡಿದೆ, ಹಾಕಿದ್ರೆ ನೀರು ಹರಿಯೋದೇ ಇಲ್ಲ."

ಮಾನಸ ಎದ್ದು ನಿಂತರು. ಅವಳ ಎರಡೂ ಕೈ ಹಿಡಿದುಕೊಂಡರು. ಗುದ್ದಲಿ ಹಿಡಿದು, ಈಗ ಲಾಠಿ ಹಿಡಿದು ಗಟ್ಟಿಯಾದ ಕೈ ಅದು. ಮುಂದಿನ ವಾರ ಬೆಂಗಳೂರಿನ ಕಛೇರಿಯಲ್ಲಿ ಅವರು ಎರಡೂ ಚರಣ ಹಾಡಿ, "ಇದು ಕೊಡಗಿನ ಮಾಕುಟ್ಟದಲ್ಲಿ ಫಾರೆಸ್ಟ್ ಗಾರ್ಡ್ ಆಗಿರುವ ಆಶಾರಾಣಿಯವರ ಕೃತಿ. ನಾನು ಇಷ್ಟು ದಿನ ತಪ್ಪು ಹೇಳಿದ್ದೆ" ಎಂದು ಮೈಕಿನಲ್ಲೇ ಹೇಳಿದರು. ಸುದ್ದಿ ಕೇಳಿ ಪೊನ್ನಪ್ಪ ಮೇಷ್ಟ್ರು ಆ ದಿನ ಪಾಠಕ್ಕೆ ರಜೆ ಕೊಟ್ಟರು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಎರಡು ವರ್ಷದ ನಂತರ ಅವರು ತೀರಿಕೊಂಡಾಗ, ಆ ಉದ್ದನೆಯ ನೋಟ್‌ಬುಕ್ಕು ಅವರ ತಲೆದಿಂಬಿನ ಪಕ್ಕದಲ್ಲಿತ್ತು. ಹನ್ನೊಂದು ಕಡೆಯೂ ಅಜ್ಜಿಯ ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ನೀಲಿ ಇಂಕಿನಲ್ಲಿ ಅವಳ ಹೆಸರು ಬರೆದಿದ್ದರು.

ಅಲ್ಲಿಂದ ಕರೆಗಳು ಬರತೊಡಗಿದವು. ಅವಳು ರಜೆ ಸಿಕ್ಕಾಗ ಹೋಗಿ ತನ್ನ ಕೃತಿಗಳನ್ನು ತಾನೇ ಹಾಡಿ ಬರುತ್ತಿದ್ದಳು, ಮೃದಂಗ ನನ್ನದು. ಕೆಲಸ ಬಿಟ್ಟು ಪೂರ್ತಿ ಹಾಡಿಗೇ ಬರಬಾರದೇ ಎಂದು ಕೆಲವರು ಕೇಳಿದರು. ಕಾಡಿನಲ್ಲಿ ನಡೆಯದಿದ್ದರೆ ಹಾಡು ಹುಟ್ಟುವುದಿಲ್ಲ ಎಂದು ಹೇಳಿ ವಾಪಸು ಬರುತ್ತಿದ್ದಳು.

ಎರಡು ಸಾವಿರದ ಹದಿನೆಂಟರ ಮಳೆಗೆ ಮಾಕುಟ್ಟದ ಗುಡ್ಡಗಳು ಕುಸಿದು ಹೆದ್ದಾರಿ ಮುಚ್ಚಿತು. ಲಾರಿ ಇಲ್ಲ, ಬಸ್ಸಿಲ್ಲ. ಚೆಕ್‌ಪೋಸ್ಟಿನಲ್ಲಿ ಆಶಾರಾಣಿ ಮತ್ತು ಬೊಮ್ಮ ಎಂಬ ವಾಚರ್ ಇಬ್ಬರೇ ಹಗಲು ಪಾಳಿಗೆ. ಬೊಮ್ಮ ಆ ಕಾಡಿನಲ್ಲೇ ಹುಟ್ಟಿ ಬೆಳೆದವನು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅಲ್ಲಿ ಎಂಜಿನ್ ಸದ್ದು ನಿಂತಿತು. ಆಗ ಅವಳಿಗೆ ಆ ಹಕ್ಕಿ ಕೇಳಿಸಿತು.

ಬೆಳಕು ಹರಿಯುವ ಹೊತ್ತಿಗೆ, ಕಾಡಿನಿಂದ ಹರಿದು ಬರುವ ತೋಡಿನ, ಆ ಸಣ್ಣ ಹಳ್ಳದ, ಬಂಡೆಯ ಮೇಲೆ ಕುಳಿತು ಸಿಳ್ಳೆ ಹಾಕುವ ಕಡುನೀಲಿ ಹಕ್ಕಿ. ಹಾದಿಯಲ್ಲಿ ಹೋಗುವ ಮನುಷ್ಯನೊಬ್ಬ ಯಾವುದೋ ಹಾಡನ್ನು ನೆನಪು ಮಾಡಿಕೊಳ್ಳುತ್ತ, ಮರೆಯುತ್ತ ಸಿಳ್ಳೆ ಹೊಡೆದಂತೆ ಇರುತ್ತದೆ ಅದರ ದನಿ. ಆಶಾರಾಣಿ ಜೀವನದಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದು ಸ್ವರ ಬರೆಯಲು ಕುಳಿತಳು. ನಲವತ್ತೊಂದು ಬೆಳಗು, ಕೊಡೆ ಹಿಡಿದು, ಕಾಲಿಗೆ ಜಿಗಣೆ ಹತ್ತಿಸಿಕೊಂಡು. ಬೊಮ್ಮ ಅದನ್ನು ನೋಡಿ ಹೇಳಿದ, "ಅವ ಒಂದೇ ಹಾಡು ಎರಡು ಸಲ ಹಾಡಲ್ಲ ಮೇಡಂ. ನೀವು ಬರೆಯೋ ಹೊತ್ತಿಗೆ ಅವ ಅದನ್ನ ಬಿಟ್ಟಿರ್ತಾನೆ."

ಅದು ನಿಜವಾಗಿತ್ತು. ಯಾವ ರಾಗಕ್ಕೂ ಅದು ಸಿಗಲಿಲ್ಲ. ಎರಡು ಸ್ವರಗಳ ನಡುವಿನ ಸಂದಿಯಲ್ಲಿ ಅದರ ಸಂಸಾರ. ಹಕ್ಕಿಯನ್ನು ಅನುಕರಿಸಿದರೆ ಅದು ಮಿಮಿಕ್ರಿಯಾಗುತ್ತದೆ, ಬೇಡ ಎಂದು ನನಗೆ ಫೋನಿನಲ್ಲಿ ಹೇಳಿದಳು. ನಾಲ್ಕು ವರ್ಷ ಅದೇ ಧ್ಯಾನ. ಕೊನೆಗೆ ಮಾತೇ ಇಲ್ಲದ, ಇಪ್ಪತ್ತೆರಡು ನಿಮಿಷದ ಒಂದು ರಚನೆ ಕಟ್ಟಿದಳು. ಹೆಸರು "ಮಾಕುಟ್ಟ". ಐದು ಭಾಗ, ಐದು ರಾಗ. ಒಂದು ರಾಗ ಮುಗಿಯುವ ಮೊದಲೇ ಮುಂದಿನದರ ಸ್ವರ ಒಳಗೆ ಸೇರಿರುತ್ತದೆ, ಎಲ್ಲಿ ಸೇರಿತೆಂದು ಹಿಡಿಯಲಾಗದು. ಮೊದಲ ಭಾಗಕ್ಕೆ ತಾಳವೇ ಇಲ್ಲ. "ಅಲ್ಲಿ ನಾನೇನು ಮಾಡಲಿ?" ಎಂದು ಕೇಳಿದೆ. "ಮಳೆ ನಿಂತ ಮೇಲೆ ಎಲೆಯಿಂದ ನೀರು ತೊಟ್ಟಿಕ್ಕುತ್ತಲ್ಲ, ಅದನ್ನ ಕೇಳಿಸಿಕೊಂಡು ಬಂದು ನುಡಿಸಿ" ಎಂದಳು. ನಾನು ಎರಡು ವಾರ ರಜೆ ಹಾಕಿ ಮಾಕುಟ್ಟಕ್ಕೆ ಹೋಗಿ ಕುಳಿತೆ. ಐವತ್ತರ ಹತ್ತಿರದ ವಯಸ್ಸಿನಲ್ಲಿ ಮತ್ತೆ ಪಾಠಕ್ಕೆ ಸೇರಿದಂತೆ.

ಮೊದಲ ಸಲ ಅದನ್ನು ಹಾಡಿದ್ದು ಅಮ್ಮತ್ತಿಯ ಶಾಲೆಯ ಸಭಾಂಗಣದಲ್ಲಿ, ಎರಡು ಸಾವಿರದ ಇಪ್ಪತ್ತೆರಡರ ಜುಲೈ. ಸುತ್ತಲಿನ ಕಾಫಿ ಎಸ್ಟೇಟಿನ ಮಾಲೀಕರು, ಲೆಕ್ಕ ಬರೆಯುವ ರೈಟರುಗಳು, ಕೂಲಿ ಲೈನಿನ ಮನೆಗಳ ಹೆಂಗಸರು, ಬೊಮ್ಮನೂ ಸೇರಿ ಅರಣ್ಯ ಇಲಾಖೆಯ ಸಿಬ್ಬಂದಿ, ಮೈಸೂರಿನಿಂದ ಬಂದ ಮಾನಸ. ಮುನ್ನೂರು ಜನವಾದರೂ ಇದ್ದರು. ಅವರಲ್ಲಿ ಹೆಚ್ಚಿನವರು ಸಂಗೀತದ ಕಛೇರಿಗೆ ಹಿಂದೆಂದೂ ಬಂದವರಲ್ಲ.

ಅವಳು ಆರಂಭಿಸಿದ ಮೊದಲ ಸ್ವರ ಎಷ್ಟು ಮೆಲ್ಲಗಿತ್ತೆಂದರೆ, ಜನ ಮಾತು ನಿಲ್ಲಿಸಿದ್ದು ಅದನ್ನು ಕೇಳಿ ಅಲ್ಲ, ಅವಳು ಬಾಯಿ ತೆರೆದದ್ದನ್ನು ನೋಡಿ. ಆಮೇಲೆ ಅದು ಬೆಳೆಯಿತು. ಅವಳ ಆ ಒರಟು ಕಂಠ, ಯಾರೂ ಇಂಪೆಂದು ಹೊಗಳದ ಕಂಠ, ಬಂಡೆಯಂತೆ ನಿಂತಿತು. ಅದರ ಮೇಲೆ ಸ್ವರಗಳು ನೀರಿನಂತೆ ಜಾರಿದವು. ಮೂರನೆಯ ಭಾಗದಲ್ಲಿ ಒಂದು ಕಡೆ ಅವಳು ಹಾಡುವುದನ್ನು ಪೂರ್ತಿ ನಿಲ್ಲಿಸುತ್ತಾಳೆ. ಹದಿನಾಲ್ಕು ಎಣಿಕೆ ಯಾರೂ ಏನೂ ನುಡಿಸಬಾರದು. ಆ ಹದಿನಾಲ್ಕು ಎಣಿಕೆಯಲ್ಲಿ ಮುನ್ನೂರು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಬಾಗಿಲ ಹತ್ತಿರ ಒರಗಿಸಿದ್ದ ಕೊಡೆಗಳಿಂದ ನೀರು ಸಿಮೆಂಟಿನ ನೆಲಕ್ಕೆ ಬೀಳುವುದು ನನಗೆ ಕೇಳಿಸಿತು. ನೂರಾರು ಕಛೇರಿ ನುಡಿಸಿದವನು ನಾನು. ಸಂಗೀತ ಅಂದರೆ ಏನೆಂದು ಆ ಹದಿನಾಲ್ಕು ಎಣಿಕೆಯಲ್ಲಿ ಒಂದಿಷ್ಟು ಕಂಡೆ ಎನಿಸಿತು.

ಮುಗಿದ ಮೇಲೆ ಚಪ್ಪಾಳೆ ಹೊಡೆಯುವಾಗ ಎಲ್ಲರೂ ಎದ್ದಿದ್ದರು. ಮಾನಸ ಮುಖ ಮುಚ್ಚಿಕೊಂಡು ಕುಳಿತೇ ಇದ್ದರು. ಆಶಾರಾಣಿ ಯಾರ ಹತ್ತಿರವೂ ಹೋಗದೆ ನೇರವಾಗಿ ಬೊಮ್ಮನ ಬಳಿ ಹೋಗಿ, "ಹೇಗಿತ್ತು?" ಎಂದು ಕೇಳಿದಳು.

ಬೊಮ್ಮ ತಲೆ ಕೆರೆದುಕೊಂಡ. "ಹಕ್ಕಿ ಬರಲಿಲ್ಲ ಮೇಡಂ," ಎಂದ. "ತೋಡು ಬಂತು. ಇಡೀ ತೋಡು ಬಂತು."

ಅವಳು ಆ ಮಾತಿಗೆ ಕಣ್ಣು ತುಂಬಿಕೊಂಡದ್ದನ್ನು ನಾನು ನೋಡಿದೆ. ಅವಳಿಗೆ ಬೇಕಾಗಿದ್ದುದೂ ಅದೇ ಎಂದು ಆಮೇಲೆ ಹೇಳಿದಳು.

ಈಗ ಆ ರಚನೆಯನ್ನು ಬೇರೆ ಊರುಗಳ ಗಾಯಕರು ಕಲಿಯುತ್ತಿದ್ದಾರೆ. ಅವಳ ಕೃತಿಗಳು ಅರವತ್ತು ದಾಟಿವೆ. ಎರಡು ವರ್ಷದ ಹಿಂದೆ ಬಡ್ತಿ ಸಿಕ್ಕಿ ಶನಿವಾರಸಂತೆ ಕಡೆಗೆ ವರ್ಗವಾಯಿತು. ಅಲ್ಲಿ ಕಾಡು ಕಡಿಮೆ, ಜನ ಜಾಸ್ತಿ, ಏನು ಮಾಡುತ್ತೀಯ ಎಂದು ಕೇಳಿದ್ದೆ. ಸಂತೆಯ ದಿನ ತರಕಾರಿಯವರು ಒಬ್ಬರ ಮೇಲೊಬ್ಬರು ಕೂಗುವುದನ್ನು ಕೇಳುತ್ತ ನಿಲ್ಲುತ್ತಾಳಂತೆ. ಕಳೆದ ವಾರ ಫೋನ್ ಮಾಡಿ ಒಂದು ಸಾಲು ಹಾಡಿದಳು. ಒಂಬತ್ತು ಎಣಿಕೆ. ಆದರೆ ಐದನೆಯ ಎಣಿಕೆ ಬರಬೇಕಾದಲ್ಲಿ ಏನೂ ಇಲ್ಲ, ಖಾಲಿ. ಅಂದಿನಿಂದ ದಿನಾ ಬೆಳಿಗ್ಗೆ ಕೂತು ಅಭ್ಯಾಸ ಮಾಡುತ್ತಿದ್ದೇನೆ. ನನ್ನ ಕೈ ಇನ್ನೂ ಹೋಗಿ ಆ ಖಾಲಿ ಜಾಗದಲ್ಲೇ ಬೀಳುತ್ತಿದೆ.